ಕಬ್ಬಿನೊಳಗೆ ಅವಳ ಹಿಂದೆ ಬಂದವನು

ದೆವ್ವ, ಗಾಳಿ, ನೆರಳು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುವವರ ಪೈಕಿ ನಾನು. ನಮ್ಮ ಮನೆಯಲ್ಲಿ ಇದಕ್ಕಾಗಿ ನನಗೆ ಬೈಗುಳವೂ ಬಿದ್ದಿದೆ. ಇವತ್ತಿಗೂ ನಾನು ಅಂಥದ್ದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಮುಧೋಳದ ಕಡೆಯ ಒಂದು ಕಬ್ಬಿನ ಹೊಲದಲ್ಲಿ ಒಂದು ಸಂಜೆ ನಡೆದದ್ದು ಇದೆಯಲ್ಲ, ಅದನ್ನು ಯಾವ ಕಡೆಯಿಂದ ಹಿಡಿದರೂ ನನ್ನ ಕೈಗೆ ಸಿಗುತ್ತಿಲ್ಲ. ನಿಮಗಾದರೂ ಸಿಗುತ್ತದೇನೋ ನೋಡಿ.

ಆಗ ನಾನು ಜಮಖಂಡಿಯಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ನಮಗೆ ಪತ್ರಿಕೋದ್ಯಮ ಹೇಳುತ್ತಿದ್ದ ಸರ್ ಒಬ್ಬರಿಗೆ ಸಿನಿಮಾ ಹುಚ್ಚು. ಪರೀಕ್ಷೆಗೆ ಮುಂಚೆ ಎಲ್ಲರೂ ಗುಂಪು ಮಾಡಿಕೊಂಡು ಒಂದು ಥ್ರಿಲ್ಲರ್ ಸಿನಿಮಾದ ಆರಂಭವನ್ನು ಮಾತ್ರ ಚಿತ್ರೀಕರಿಸಿ ತರಬೇಕು ಎಂದರು. ಪೂರ್ತಿ ಸಿನಿಮಾ ಬೇಡ, ನೋಡುವವನು ಕುರ್ಚಿಯ ತುದಿಗೆ ಬಂದು ಕೂರುವಷ್ಟು ಸಾಕು. ಅಂಥ ಸಿನಿಮಾಕ್ಕೆ ಅದರದೇ ಕೆಲವು ಕಟ್ಟಳೆಗಳಿವೆ ಎಂದು ಬೋರ್ಡಿನ ಮೇಲೆ ಬರೆದೂ ತೋರಿಸಿದ್ದರು. ಬೆನ್ನು ಹತ್ತಿದವನ ಮುಖ ಕಾಣಿಸಬಾರದು. ಆಗಾಗ ಕ್ಯಾಮೆರಾವೇ ಅವನ ಕಣ್ಣಾಗಬೇಕು. ಇರಬಾರದ ಜಾಗದಲ್ಲಿ ಒಂದು ವಸ್ತು ಬಿದ್ದಿರಬೇಕು. ದೊಡ್ಡ ಸಪ್ಪಳಕ್ಕಿಂತ ಮೊದಲು ಪೂರಾ ನಿಶ್ಶಬ್ದ ಬೇಕು.

ನಮ್ಮ ಗುಂಪಿನಲ್ಲಿ ಮೂವರು. ನಾನು ನಿರ್ದೇಶಕಿ, ಯಾಕೆಂದರೆ ಬಾಯಿ ಜೋರು. ಮಾಂತೇಶ ಬನಹಟ್ಟಿಯವನು, ಅವನ ಮಾವನದು ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ, ಹಾಗಾಗಿ ಕ್ಯಾಮೆರಾ ಅವನದು. ಶೋಭಾ ನನ್ನ ಜೀವದ ಗೆಳತಿ. ತಂದೆ ಬ್ಯಾಂಕಿನಲ್ಲಿ ಗುಮಾಸ್ತರು, ಹುಡುಗಿ ನೋಡಲು ಚಂದ, ಓಡಲು ಇನ್ನೂ ಚಂದ. ಮೂವರಲ್ಲಿ ಒಬ್ಬರೂ ಹೊಲ ಉತ್ತವರಲ್ಲ. ಕಬ್ಬು ಎಂದರೆ ಲಾರಿಯ ಹಿಂದೆ ಓಡಿ ಎಳೆದುಕೊಂಡು ತಿನ್ನುವುದು ಎಂದಷ್ಟೇ ನಮಗೆ ಗೊತ್ತು.

ಹೊರಡುವ ದಿನ ಶೋಭಾಳ ಅವ್ವ ಬಾಗಿಲವರೆಗೂ ಬಂದರು. ರೊಟ್ಟಿ, ಬದನೆಕಾಯಿ ಪಲ್ಯ, ಊಟಕ್ಕೆ ಒಂದು ಸ್ಟೀಲ್ ತಾಟು ಎಲ್ಲ ಕಟ್ಟಿಕೊಟ್ಟು, ನನ್ನ ಕೈ ಹಿಡಿದು, "ನೋಡವಾ, ಅವರಪ್ಪಗ ನಾ ಇನ್ನೂ ಹೇಳಿಲ್ಲ. ನಿನ್ನ ಕೈಯಾಗ ಕೊಟ್ಟೇನಿ. ಹೊತ್ತ ಮುಳುಗೂದ್ರಾಗ ಕರಕೊಂಡ ಬರಬೇಕ" ಎಂದರು. "ಆತ್ರಿ ಕಾಕೂ, ನಾ ಇದ್ದೇನಲ್ಲ" ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಹೊಲ ಸಮೀರವಾಡಿಯ ದಾರಿಯಲ್ಲಿ ಒಳಗೆ ಸರಿದು ಇತ್ತು, ಮಾಂತೇಶನ ದೂರದ ಬೀಗರದು. ಮುಂದೆ ಬಂಡಿ ದಾರಿ, ಹಿಂದೆ ಕಾಲುವೆ, ನಡುವೆ ಆಳೆತ್ತರ ಮೀರಿ ನಿಂತ ಕಬ್ಬು. ಬಲಕ್ಕೆ ಇನ್ನೊಬ್ಬರ ಹೊಲ. ನಡುವೆ ಒಂದು ಬದು ಇತ್ತಂತೆ, ಆದರೆ ಕಬ್ಬು ಎದ್ದು ನಿಂತ ಮೇಲೆ ಬದು ಯಾರಿಗೆ ಕಾಣುತ್ತದೆ? ಕೆಳಗೆಲ್ಲ ಒಣಗಿದ ಕಬ್ಬಿನ ಎಲೆ. ಅದಕ್ಕೆ ರವದಿ ಎನ್ನುತ್ತಾರೆ. ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸಪ್ಪಳ. ನಮಗೆ ಬೇಕಾಗಿದ್ದೂ ಅದೇ.

ನಮ್ಮ ಆರಂಭ ಹೀಗಿತ್ತು. ಹುಡುಗಿ ಬಂಡಿ ದಾರಿಯಲ್ಲಿ ಓಡಿ ಬರುತ್ತಾಳೆ, ಒಂದು ಚಪ್ಪಲಿ ಕಳಚಿ ಬೀಳುತ್ತದೆ, ತಿರುಗಿ ನೋಡಿ ಕಬ್ಬಿನೊಳಗೆ ನುಗ್ಗುತ್ತಾಳೆ. ರವದಿಯ ಸಪ್ಪಳ ದೂರ ದೂರ ಆಗಿ ಥಟ್ಟನೆ ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ. ಬಿದ್ದ ಚಪ್ಪಲಿ, ಅಲುಗಾಡದ ಕಬ್ಬು. ಅಷ್ಟೇ. ಬೆನ್ನು ಹತ್ತಿದವನನ್ನು ನಾವು ತೋರಿಸುವುದೇ ಇಲ್ಲ. ಅವನ ಪಾತ್ರಕ್ಕೆ ಯಾರೂ ಬೇಕಿಲ್ಲವಲ್ಲ ಎಂದು ನನಗೆ ಒಳಗೊಳಗೇ ಖುಷಿ.

ತೊಂದರೆ ಬಂದದ್ದು ಶೋಭಾ ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ. ಒಳಗೆ ಹೋದವಳಿಗೆ ನನ್ನ ಕೂಗು ಸರಿಯಾಗಿ ಕೇಳುತ್ತಿರಲಿಲ್ಲ. ಆಗ ಊಟದ ತಾಟು ನನ್ನ ಕಣ್ಣಿಗೆ ಬಿತ್ತು. ಚಮಚೆಯಿಂದ ಬಡಿದರೆ ಅರ್ಧ ಹೊಲಕ್ಕೆ ಕೇಳುತ್ತದೆ. "ಏ ಶೋಭಾ, ತಾಟಿನ ಸಪ್ಪಳ ಕೇಳಿದ ಕೂಡಲೇ ಎಲ್ಲಿದ್ದೀ ಅಲ್ಲೇ ಕುಂತುಬಿಡು. ಒಂದ ಎಲಿ ಸೈತ ಅಲ್ಲಾಡಬಾರದು. ನಾ ಬಂದು ಮುಟ್ಟೂತನಾ ಏಳಬ್ಯಾಡ. ಏನರ ಆಗಲಿ, ಏಳಬ್ಯಾಡ" ಎಂದೆ. ಮಧ್ಯಾಹ್ನವೆಲ್ಲ ಹಾಗೇ ತಾಲೀಮು ನಡೆಯಿತು. ಪಾಪ, ಹೇಳಿದಂತೆ ಕುಳಿತಳು. ತಲೆ ತುಂಬ ಎಲೆ ಕಸ ಹೊತ್ತು ಹೊರಗೆ ಬಂದು ಪ್ರತಿ ಸಲವೂ ನನ್ನನ್ನು ಶಪಿಸಿದಳು.

ಬಿಸಿಲು ಕೆಂಪಾದಾಗ ಕೊನೆಯ ಸಲಕ್ಕೆ ತಯಾರಾದೆವು. ಮಾಂತೇಶ ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾ ಚಾಲೂ ಮಾಡಿದ. ಶೋಭಾ ಓಡಿ ಬಂದಳು, ಚಪ್ಪಲಿ ಬಿತ್ತು, ತಿರುಗಿ ನೋಡಿದಳು, ನುಗ್ಗಿದಳು. ಈ ಸಲ ಸ್ವಲ್ಪ ಬಲಕ್ಕೆ ಓರೆಯಾಗಿ ಓಡಿದಳು. ನಾನು ಚಮಚೆ ಎತ್ತಿದೆ. ಬಡಿಯುವ ಮೊದಲೇ ತಾಟಿನ ಸಪ್ಪಳ ಕೇಳಿತು.

ಮಾಂತೇಶ ನನ್ನತ್ತ ಕಣ್ಣು ಬಿಟ್ಟು, "ಇಷ್ಟ ಲಗು ಯಾಕ ಬಡದಿ?" ಎಂದು ಪಿಸುಗುಟ್ಟಿದ. "ನಾ ಬಡದಿಲ್ಲೋ" ಎಂದೆ. ಅಷ್ಟರಲ್ಲಿ ಕಬ್ಬಿನೊಳಗಿನ ಸಪ್ಪಳ ನಿಂತಿತು. ಶೋಭಾ ಕುಳಿತಿದ್ದಳು. ತಾಟು ಇನ್ನೂ ಬಡಿಯುತ್ತಲೇ ಇತ್ತು, ದೂರದಲ್ಲಿ, ಬಲಗಡೆ. ಯಾರೋ ಕೂಗುತ್ತಲೂ ಇದ್ದರು. ಯಾರದೋ ಗದ್ದಲ ಅಂದುಕೊಂಡೆವು. ಕಬ್ಬು ಒಂದು ಎಲೆ ಅಲುಗದೆ ನಿಂತಿತ್ತು. ಮಾಂತೇಶ ಹೆಬ್ಬೆರಳು ಎತ್ತಿ ಭಾರೀ ಛಲೋ ಬಂತು ಎಂದು ಸನ್ನೆ ಮಾಡಿದ.

ಆಮೇಲೆ ಹೊಗೆಯ ವಾಸನೆ ಬಂತು.

ಕಬ್ಬು ಕಡಿಯುವ ಮುನ್ನ ರವದಿ ಜಾಸ್ತಿ ಇದ್ದರೆ ಕೆಲವರು ನಿಂತ ಬೆಳೆಗೇ ಬೆಂಕಿ ಕೊಡುತ್ತಾರೆ, ಎಲೆ ಸುಟ್ಟು ಕಬ್ಬು ಉಳಿಯುತ್ತದೆ. ಬೆಂಕಿ ಹಚ್ಚುವ ಮೊದಲು ಒಳಗೆ ಮಂದಿ ಮಕ್ಕಳು, ದನ ಕರ ಇದ್ದರೆ ಹೊರಗೆ ಬರಲಿ ಎಂದು ತಾಟು ಬಡಿದು ಕೂಗುತ್ತಾರೆ. ಆ ಭಾಗದ ಕೂಲಿಯವರೆಲ್ಲ ಮಾಡುವುದೇ ಅದು. ತಾಟು ಕೇಳಿದರೆ ಓಡಿ ಹೊರಗೆ ಬರಬೇಕು. ನಾನು ಅದೇ ತಾಟು ಹಿಡಿದು ಇಡೀ ಮಧ್ಯಾಹ್ನ ಅವಳಿಗೆ ಕೂರಲು ಕಲಿಸಿದ್ದೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಕಂಡದ್ದು ಬಲಗಡೆ ಎದ್ದ ಬೆಂಕಿ. "ಶೋಭಾ, ಹೊರಗ ಬಾ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಬೆಂಕಿಯ ಚಟಚಟ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಆಗ ನಾನು ಏನು ಮಾಡಿದೆ ಗೊತ್ತೇ? ತಾಟು ಎತ್ತಿ ಬಡಿಯತೊಡಗಿದೆ. ಹುಚ್ಚಿಯ ಹಾಗೆ ಬಡಿದೆ. ಮಾಂತೇಶ ಬಂದು ಅದನ್ನು ಕಸಿದು ಬಿಸಾಡಿ, "ಬಡೀಬ್ಯಾಡ ಬೇ! ಅಕಿ ಇನ್ನೂ ಕುಂಡ್ರತಾಳ!" ಎಂದು ಅರಚಿದ ಮೇಲೆಯೇ ನನಗೆ ತಿಳಿದದ್ದು.

ಮಾಂತೇಶ ಒಳಗೆ ನುಗ್ಗಿದ, ಹೊಗೆ ಅವನನ್ನು ಹೊರಗೆ ದಬ್ಬಿತು. ಮತ್ತೆ ನುಗ್ಗಿದ, ಮತ್ತೆ ಬಂದ. ನಾನು ಕಬ್ಬಿನ ತುದಿಗಳನ್ನೇ ನೋಡುತ್ತ ನಿಂತೆ. ಎಲ್ಲಿಯಾದರೂ ಅಲುಗಾಡಿದರೆ ಅಲ್ಲಿದ್ದಾಳೆ ಎಂದು ಗೊತ್ತಾಗುತ್ತದೆ, ಬದುಕಿದ್ದರೆ ಅಲುಗಾಡಲೇಬೇಕು. ಬೆಂಕಿ ತಲುಪದ ಕಬ್ಬಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ. ನಾನೇ ಹೇಳಿದ್ದೆನಲ್ಲ, ಅಲ್ಲಾಡಬಾರದು ಅಂತ.

ಬಂಡಿ ದಾರಿಗುಂಟ ಓಡಿ, ಬಲಗಡೆಯ ಹೊಲಕ್ಕೆ ಬೆಂಕಿ ಕೊಟ್ಟ ಕೂಲಿಯವರ ಹತ್ತಿರ ಹೋದೆವು. ಅವರ ಮುಖಂಡನಿಗೆ ನಾನು ಹೇಳಿದ್ದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ತಡ, ತಲೆಯ ಮೇಲೆ ಕೈ ಹೊತ್ತು, "ಯವ್ವಾ, ತಾಟ ಬಡದೀವಲ್ಲಬೇ! ಕೂಗೀವಲ್ಲ! ಯಾಕ ಹೊರಗ ಬರಲಿಲ್ಲ ಅಕಿ?" ಎಂದ. ಹೆಂಗಸರು ಬಾಯಿ ಬಡಿದುಕೊಂಡರು. ಗಂಡಸರು ಬದುವಿನ ಗುಂಟ ಕಬ್ಬು ಕಡಿದು ಬೆಂಕಿಯ ದಾರಿ ತಪ್ಪಿಸಲು ಓಡಿದರು. ಬೆಂಕಿ ಅದನ್ನೂ ದಾಟಿ ನಮ್ಮ ಹೊಲಕ್ಕೆ ಬಂತು.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಅಳು ಬರಲಿಲ್ಲ. ಜಮಖಂಡಿಯಲ್ಲಿ ಆ ಬಾಗಿಲು, ಅದರಲ್ಲಿ ನಿಂತ ಕಾಕೂ, ಅವರಿಗೆ ನಾನು ಹೇಳಬೇಕಾದ ಮಾತು, ಇಷ್ಟೇ ಕಣ್ಣ ಮುಂದೆ. ಆ ಬಾಗಿಲಿಗೆ ಹೋಗುವುದಕ್ಕಿಂತ ಈ ಬೆಂಕಿಯೊಳಗೆ ನಡೆದುಬಿಡುವುದು ಮೇಲು ಅನ್ನಿಸಿತ್ತು, ಸುಳ್ಳಲ್ಲ. ದೇವರೇ ಎಂದು ಕರೆಯೋಣವೆಂದರೆ, ಅದನ್ನೂ ನಂಬಿದವಳಲ್ಲ.

ಕಾಲುವೆಯ ಕಡೆಯಿಂದ ಒಬ್ಬ ಹೆಂಗಸು, "ಬಂದ್ಲು! ಹುಡುಗಿ ಬಂದ್ಲು!" ಎಂದು ಕೂಗಿದಳು. ಎದ್ದು ನೋಡಿದೆ. ಕಾಲುವೆಯ ಏರಿಯ ಮೇಲೆ ಶೋಭಾ ಬರುತ್ತಿದ್ದಳು. ಬರಿಗಾಲು, ಮುಖ ಕೈ ಎಲ್ಲ ಕಬ್ಬಿನ ಎಲೆ ಕೊಯ್ದು ರಕ್ತ. ಓಡಿ ಹೋಗಿ ತಬ್ಬಿಕೊಳ್ಳಲು ಕೈ ಚಾಚಿದೆ. ಅವಳು ನನ್ನ ಕೆನ್ನೆಗೆ ರಪ್ಪನೆ ಬಾರಿಸಿದಳು.

"ಯಾರನ್ನ ಬಿಟ್ಟಿದ್ದಿ ನನ್ನ ಹಿಂದ? ಹೇಳೂದಿಲ್ಲ ಕೇಳೂದಿಲ್ಲ, ಜೀವಾ ಹೋಗಿತ್ತು ನಂದು!"

ಅವಳು ಹೇಳಿದ್ದು ಹೀಗೆ. ತಾಟು ಕೇಳಿ ಕುಳಿತಳು. ಹೊಗೆ ಗಿಗೆ ಏನೂ ಇರಲಿಲ್ಲ. ಹಿಂದೆ ರವದಿಯ ಮೇಲೆ ಹೆಜ್ಜೆ ಕೇಳಿತು, ಒಂದೊಂದಾಗಿ, ಸಾವಕಾಶ. ನಿಜವಾಗಿ ಹೆದರಲಿ ಎಂದು ನಾನೇ ಯಾರನ್ನೋ ಅಡಗಿಸಿಟ್ಟು ಕಳಿಸಿದ್ದೇನೆ ಅಂದುಕೊಂಡು ಹಲ್ಲು ಕಚ್ಚಿ ಕುಳಿತೇ ಇದ್ದಳು. ಹೆಜ್ಜೆ ಬೆನ್ನಿಗೇ ಬಂದು ನಿಂತಾಗ ಉಳಿದ ಚಪ್ಪಲಿ ಅಲ್ಲೇ ಬಿಟ್ಟು ಎದ್ದಳು. ನಮ್ಮ ಕಡೆ ಬರಲು ತಿರುಗಿದರೆ ಹೆಜ್ಜೆ ಎದುರಿಗೇ ಕೇಳಿತು. ಎಡಕ್ಕೆ ಬಲಕ್ಕೆ ಯಾವ ಕಡೆ ಹೊರಳಿದರೂ ಆ ಕಡೆಗೇ ಬಂತು. ಬಿಟ್ಟದ್ದು ಒಂದೇ ಕಡೆ, ಕಾಲುವೆಯ ಕಡೆ. ಆ ಕಡೆ ಓಡಿದಳು, ಅದೂ ಹಿಂದೆಯೇ ಓಡಿತು. ಏರಿ ಹತ್ತಿ ತಿರುಗಿದಾಗ ಮನುಷ್ಯ ಇರಲಿಲ್ಲ, ಬೆಂಕಿ ಇತ್ತು.

ಹಂದಿ ಇರಬೇಕು, ಬೆಂಕಿಗೆ ಹೆದರಿ ಓಡಿರಬೇಕು ಎಂದ ಮುಖಂಡ. ಶೋಭಾ ಅವನನ್ನು ದುರುಗುಟ್ಟಿ ನೋಡಿ, "ಹಂದಿ ಎರಡ ಕಾಲ ಮ್ಯಾಲ ನಡೀತಾವೇನ್ರಿ?" ಎಂದಳು. ಯಾರನ್ನೂ ಕಳಿಸಿಲ್ಲ ಎಂದು ನಾನು ಆಣೆ ಮಾಡಿದೆ, ಮಾಂತೇಶ ಮಾಡಿದ. ಅವಳು ನಂಬಲಿಲ್ಲ. ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಅವಳನ್ನು ಮನೆ ಮುಟ್ಟಿಸಿದೆ. ಕಬ್ಬಿನ ಎಲೆ ಕೊಯ್ದಿದೆ ಎಂದಷ್ಟೇ ಹೇಳಿ, ಕಾಕೂ ಅರಿಸಿನ ಹಚ್ಚುವಾಗ ಎದುರು ನಿಲ್ಲಲಾಗದೆ ಬಂದುಬಿಟ್ಟೆ.

ಮರುದಿನ ಮಾಂತೇಶ ಆ ಹೊಲಕ್ಕೆ ಹೋಗಿ ಬಂದ. ಬೂದಿಯಲ್ಲಿ ಶೋಭಾಳ ಇನ್ನೊಂದು ಚಪ್ಪಲಿ ಸಿಕ್ಕಿತ್ತಂತೆ. ಸಿಕ್ಕಿತು ಎಂದರೆ ಏನು, ಕರಗಿ ಮುದ್ದೆಯಾದ ರಬ್ಬರು. ಅವಳು ಕುಳಿತ ಜಾಗ ಅದೇ.

ಸ್ಟುಡಿಯೊದಲ್ಲಿ ಬಾಗಿಲು ಹಾಕಿಕೊಂಡು ನಾವಿಬ್ಬರೂ ಕ್ಯಾಸೆಟ್ಟು ನೋಡಿದೆವು. ಕ್ಯಾಮೆರಾ ಅಷ್ಟು ಹೊತ್ತೂ ತನ್ನಷ್ಟಕ್ಕೆ ಚಾಲೂ ಇತ್ತು. ಶೋಭಾ ನುಗ್ಗುತ್ತಾಳೆ. ಅವಳ ಹಿಂದೆ ಯಾರೂ ಹೋಗುವುದಿಲ್ಲ. ತಾಟು ಕೇಳುತ್ತದೆ, ರವದಿಯ ಸಪ್ಪಳ ನಿಲ್ಲುತ್ತದೆ. ಹಿಂದಿನಿಂದ ಹೆಜ್ಜೆ ಬಂತು ಎಂದಳಲ್ಲ, ಆ ಹಿಂದುಗಡೆ ಎಂದರೆ ನಾವು, ನಮ್ಮ ಕ್ಯಾಮೆರಾ. ಚಪ್ಪಲಿ ಬಿದ್ದಿದೆ, ಕಬ್ಬು ನಿಂತಿದೆ. ಯಾರೋ ಬೆನ್ನು ಹತ್ತಿದ್ದಾರೆ ಎಂದು ಅವಳು ಹೇಳುವ ಆ ಹೊತ್ತಿನಲ್ಲಿ ಅವನಿಂದಿರಲಿ, ಓಡುತ್ತಿದ್ದ ಅವಳಿಂದಲೂ ಒಂದು ಎಲೆ ಅಲುಗಿದ್ದು ಕಾಣುವುದಿಲ್ಲ. ಆಳದಲ್ಲಿದ್ದಳು, ಎತ್ತರದ ಕಬ್ಬು, ಅದಕ್ಕೇ ಕಾಣಲಿಲ್ಲ ಎಂದು ನಾನು ಮಾಂತೇಶನಿಗೆ ಹೇಳಿದೆ. ಅವನು ಹೂಂ ಎಂದ. ಅದನ್ನು ನಾವು ಸರ್‌ಗೆ ಕೊಡಲಿಲ್ಲ. ಮುಂದೆ ಅದೇ ಕ್ಯಾಸೆಟ್ಟಿನ ಮೇಲೆ ಯಾರದೋ ಮದುವೆಯ ವಿಡಿಯೊ ಬಂದು ಕೂತಿತು.

ಬೆಂಕಿಯ ಚಟಚಟ ಸದ್ದನ್ನೇ ಹೆಜ್ಜೆ ಎಂದು ತಿಳಿದಿರಬಹುದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಸದ್ದು ಬೆಂಕಿಯ ಕಡೆಯಿಂದ ಬರಬೇಕಿತ್ತು. ಬೆನ್ನ ಹಿಂದಿನಿಂದ ಹೇಗೆ ಬಂತು? ಬೆಂಕಿಯೇ ಮುಟ್ಟದ ಕಡೆ ಅವಳನ್ನು ಅಡ್ಡಗಟ್ಟಿದ್ದು ಯಾವುದು? ಅಷ್ಟು ಹೊತ್ತಿಗೆ ನನ್ನ ವಾದ ಮುಗಿದುಹೋಗುತ್ತದೆ.

ಕೆಲವು ವರ್ಷಗಳ ಮೇಲೆ ಶೋಭಾಳನ್ನು ಲೋಕಾಪುರಕ್ಕೆ ಮದುವೆ ಮಾಡಿ ಕೊಟ್ಟರು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ನನ್ನನ್ನೂ ಮಾಂತೇಶನನ್ನೂ ಕರೆದಿದ್ದಳು. ಪಂಕ್ತಿ ಎದ್ದು ಎಲ್ಲರ ಊಟ ಮುಗಿದ ಮೇಲೆ ಒಂದು ಸ್ಟೀಲ್ ತಾಟಿನಲ್ಲಿ ಹೋಳಿಗೆ, ತುಪ್ಪ, ಅನ್ನ, ಕಟ್ಟಿನ ಸಾರು ಎಲ್ಲ ಬಡಿಸಿ ತಂದು ನನ್ನ ಮುಂದೆ ಹಿಡಿದಳು. ನನ್ನದು ಆಗಿದೆ ಎಂದೆ.

"ನಿನಗಲ್ಲ. ಅಂವಗ," ಎಂದಳು. "ಈಗರ ಅವನ ಹೆಸರ ಹೇಳ. ಸಿಟ್ಟ ಯಾವಾಗೋ ಹೋಗೇತಿ. ಒಮ್ಮೆ ಕರದು ಉಣಸಬೇಕ ನಾ. ಅಂವ ಇರಲಿಲ್ಲಂದ್ರ ಈ ಕೂಸ ಎಲ್ಲಿತ್ತು?"

"ಶೋಭಾ, ನಾ ಯಾರನ್ನೂ ಕಳಿಸಿಲ್ಲ. ಈ ಕೂಸಿನ ಮ್ಯಾಲ ಆಣಿ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಂಬಿದಳು ಅಂತ ಕಾಣುತ್ತದೆ, ಮುಖ ಬಿಳಿಚಿಕೊಂಡಿತು. "ನೀ ಕಳಿಸಿಲ್ಲಂದ್ರ ಮತ್ತ ಯಾರ ಕಳಿಸ್ಯಾರ?" ಎಂದು ಮೆಲ್ಲಗೆ ಕೇಳಿದಳು. ಒಳಗೆ ಕೂಸು ಅತ್ತಿತು. ತಾಟನ್ನು ನನ್ನ ಕೈಯಲ್ಲಿಟ್ಟು ಒಳಗೆ ಓಡಿದಳು.

ತುಪ್ಪ ಇನ್ನೂ ಬಿಸಿಯಿತ್ತು. ನಾನು ಆ ತಾಟು ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತೇ ಇದ್ದೆ. ಯಾರ ಮುಂದೆ ಇಡಬೇಕು ಅಂತ ತಿಳಿಯಲಿಲ್ಲ. ಕೆಳಗೆ ಇಟ್ಟುಬಿಡಲೂ ಮನಸ್ಸಾಗಲಿಲ್ಲ.