ಬ್ಲ್ಯಾಕ್‌ಜಾಕ್ ಮೇಜಿನ ತಮ್ಮ

ಬರ್ಮಿಂಗ್‌ಹ್ಯಾಮ್‌ನ ಒಂದು ಕ್ಯಾಸಿನೋದಲ್ಲಿ ಇಸ್ಪೀಟು ಹಂಚುವುದು ಸುಚೇತಾಳ ಕೆಲಸ. ಮೈಸೂರಿನ ನೆಂಟರಿಗೆ ಹೋಟೆಲಿನಲ್ಲಿದ್ದೇನೆ ಎಂದು ಹೇಳಿದ್ದಳು. ಜೂಜಿನ ಮನೆಯಲ್ಲಿ ದುಡಿಯಲು ಅವಳಿಗೇನೂ ನಾಚಿಕೆಯಿರಲಿಲ್ಲ, ಆದರೆ ನೆಂಟರ ಬಾಯಿಗೆ ಬೀಗ ಹಾಕುವವರಾರು? ಗಂಡ ದಿವಾಕರ ಕಾರು ಕಾರ್ಖಾನೆಯ ಇಂಜಿನಿಯರ್. ಒಳ್ಳೆಯವನೇ. ಮನೆಗೆ ಬಂದರೆ ಮಾತ್ರ ಮುಖವೆಲ್ಲ ಫೋನಿನೊಳಗೆ; ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹೂಂ ಎನ್ನುವ ಆಸಾಮಿ.

ಅಂಥವಳು ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟ ಆಡಿಸುವ ಮೇಜಿಗೆ ಒಂದು ಮಧ್ಯಾಹ್ನ ಪ್ರಥಮ್ ಬಂದು ಕೂತ. ಕೊವೆಂಟ್ರಿಯಲ್ಲಿ ಸಾಫ್ಟ್‌ವೇರ್ ಕೆಲಸದ ಹುಡುಗ. ಅವಳ ಹೆಸರಿನ ಬಿಲ್ಲೆ ಓದಿ ಕನ್ನಡದಲ್ಲೇ ಮಾತಾಡಿಸಿದ. ಎರಡನೆಯ ಸಲಕ್ಕೆ ಅಕ್ಕ ಎಂದ. ಮೇಜಿನ ಬಳಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂಬುದು ಅಲ್ಲಿಯ ಕಟ್ಟುನಿಟ್ಟು. ಮಧ್ಯಾಹ್ನ ಗಿರಾಕಿಗಳು ಕಡಿಮೆ, ಮೇಲ್ವಿಚಾರಕ ದೂರ. ಸುಚೇತಾ ನಿಯಮವನ್ನು ಗಾಳಿಗೆ ತೂರಿ ಮನೆಯ ಮಾತೆಲ್ಲ ಆಡತೊಡಗಿದಳು. ಅವನೋ ರೆಪ್ಪೆ ಮಿಟುಕಿಸದೆ ಕೂತು ಕೇಳುತ್ತಿದ್ದ. ಇಷ್ಟು ಮನಸ್ಸಿಟ್ಟು ಕೇಳುವವನನ್ನು ಅವಳು ಈ ದೇಶದಲ್ಲಿ ಕಂಡಿರಲಿಲ್ಲ.

ಇಸ್ಪೀಟಿನ ಎಲೆ ಕಲಸಿದ ಮೇಲೆ ಕಟ್ಟಿನ ನಡುವೆ ಒಂದು ಹಳದಿ ಪ್ಲಾಸ್ಟಿಕ್ ಕಾರ್ಡ್ ತೂರಿಸಬೇಕು. ಆಟ ಅಲ್ಲಿಗೆ ಮುಟ್ಟಿದರೆ ಮತ್ತೆ ಎಲ್ಲವನ್ನೂ ಕಲಸಬೇಕು. ಕಲಸುವಾಗ ನೀವು ಮಾತೇ ನಿಲ್ಲಿಸಿಬಿಡುತ್ತೀರಿ ಎಂದು ಪ್ರಥಮ್ ಒಮ್ಮೆ ಸಣ್ಣ ಮುಖ ಮಾಡಿದ. ಅಷ್ಟೇ ಸಾಕಾಯಿತು. ಹುಚ್ಚಿ, ಹಳದಿ ಕಾರ್ಡನ್ನು ಕಟ್ಟಿನ ಕೊನೆಯತ್ತ ಹಿಂದೆ ಹಿಂದೆ ಹಾಕತೊಡಗಿದಳು. ಇನ್ನೊಂದಿಷ್ಟು ಹೊತ್ತು ಕನ್ನಡ ಆಡಬಹುದಲ್ಲ ಎಂಬುದಷ್ಟೇ ಅವಳ ಆಸೆ.

ಎದೆಯಲ್ಲಿ ಗಂಟು ಸಿಕ್ಕಿದಾಗ, ಬಡಾವಣೆಯ ಡಾಕ್ಟರು ಆಸ್ಪತ್ರೆಗೆ ಬರೆದುಕೊಟ್ಟಾಗ, ಅವಳು ಹೇಳಿದ್ದು ಪ್ರಥಮ್‌ಗೆ ಮಾತ್ರ. ಕೈ ಎಲೆ ಹಂಚುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. “ಎಲ್ಲಾ ಸರಿಹೋಗುತ್ತೆ ಅಕ್ಕ” ಎಂದ ಅವನು, ದೊಡ್ಡ ಪಣ ಕಟ್ಟಿದ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಕಳೆದ ಪೀಡೆಯ ಸುದ್ದಿ ಯಾಕೆಂದು ದಿವಾಕರನಿಗೆ ಹೇಳಲೇ ಇಲ್ಲ.

ಮುಂದಿನ ತಿಂಗಳು ಪ್ರಥಮ್‌ಗೆ ಕ್ಯಾಸಿನೋದವರು ಬಾಗಿಲು ತೋರಿಸಿದರು. ಬಂದುಹೋದ ಎಲೆಗಳನ್ನು ಮನಸ್ಸಿನಲ್ಲೇ ಎಣಿಸಿ, ದೊಡ್ಡ ಎಲೆಗಳು ಉಳಿದಿವೆ ಎಂದಾಗ ಮಾತ್ರ ಪಣ ಏರಿಸುವ ಆಸಾಮಿ ಅವನು. ಕಲಸುವುದು ತಡವಾದಷ್ಟೂ ಅಂಥವರಿಗೆ ಲಾಭ. ಎಣಿಸುವುದು ಅಪರಾಧವಲ್ಲ, ಅವನ ಪಾಡಿಗೆ ಅವನು ಹೋದ. ಆದರೆ ಅವನೊಡನೆ ಕೈಜೋಡಿಸಿದ, ಎಲೆ ಹಂಚುವ ಡೀಲರಿಗೆ ಉಳಿಗಾಲವಿಲ್ಲ. ಕ್ಯಾಮೆರಾದಲ್ಲಿ ಹಳದಿ ಕಾರ್ಡ್ ಕಂಡಿತು, ಅವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಯಾವ ಭಾಷೆಯಲ್ಲಿ ಏನು ಗುಟ್ಟು ಹೇಳುತ್ತಿದ್ದೆ ಎಂದು ಮ್ಯಾನೇಜರ್ ಕೇಳಿದ. ಮನೆಯ ಮಾತು ಎಂದರೆ ನಂಬುವವರಾರು? ಕೆಲಸವೂ ಎಲೆ ಹಂಚುವ ಲೈಸೆನ್ಸೂ ಉಳಿಯಬೇಕಾದರೆ ಸಾಕ್ಷಿ ಹೇಳಬಲ್ಲವನು ಒಬ್ಬನೇ.

ಅವಳು ಅಡುಗೆಮನೆಯಿಂದ ಅವನಿಗೆ ಫೋನ್ ಮಾಡಿದಳು. ನಾವು ಆಡಿದ್ದೆಲ್ಲ ಮನೆಯ ಮಾತೆಂದು ಎರಡು ಸಾಲು ಬರೆದುಕೊಡು ಎಂದು ಬೇಡಿಕೊಂಡಳು.

“ಏನಂತ ಬರೀಲಿ ಅಕ್ಕ? ಬೇಜಾರ್ ಮಾಡ್ಕೋಬೇಡಿ. ನೀವು ಮಾತಾಡ್ತಿದ್ರಿ, ನಾನು ಕೇಳಿಸ್ಕೊಳ್ತಾನೇ ಇರ್ಲಿಲ್ಲ. ಕೇಳಿಸ್ಕೊಂಡ್ರೆ ಎಣಿಕೆ ತಪ್ಪುತ್ತೆ.”

“ಎದೇಲಿ ಗಂಟಿದೆ, ಆಸ್ಪತ್ರೆಗೆ ಹೋಗ್ತಿದ್ದೀನಿ ಅಂತ ಹೇಳ್ದೆನಲ್ಲೋ?”

“ಯಾವ ಆಸ್ಪತ್ರೆ ಅಕ್ಕ?”

ಕೆಲಸ ಹೋಗುವ ಭಯ ಎಲ್ಲೋ ಹಿಂದೆ ಬಿತ್ತು; ಇಂಥವನ ಮುಂದೆ ಕಣ್ಣೀರು ಹಾಕಿದೆನಲ್ಲ ಎಂಬ ಅವಮಾನ ಮೈಯೆಲ್ಲ ಸುಟ್ಟಿತು. ಫೋನ್ ಕೆಳಗಿಟ್ಟು ತಿರುಗಿದಳು. ಬಾಗಿಲಲ್ಲಿ ದಿವಾಕರ ನಿಂತಿದ್ದ. ಅಂದು ಅವನ ಕೈಯಲ್ಲಿ ಫೋನಿರಲಿಲ್ಲ.

“ಅವನಿಗೆ ಹೇಳಿದ್ಯಾ ಸುಚಿ,” ಎಂದ ಮೆಲ್ಲಗೆ, “ನನಗೆ ಹೇಳ್ಲಿಲ್ವಲ್ಲ?”