ಬದುವಿನ ಮೇಲೆ ಟ್ರಿನಿಡಾಡ್

೧೯೮೯ರಲ್ಲಿ, ಏಳನೆಯ ಇಯತ್ತೆಗೆ, ನನ್ನ ಓದು ನಿಂತಿತು. ಆಮೇಲೆ ಕಲಿತದ್ದೆಲ್ಲ ಹೊಲದಲ್ಲಿ ಮತ್ತು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ. ಮೆಣಸಿನ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವುದರಲ್ಲಿ ನನ್ನನ್ನು ಸರಿಗಟ್ಟುವವರು ಸುತ್ತಲಿನ ಊರುಗಳಲ್ಲಿಲ್ಲ. ಆದರೆ ನಮ್ಮ ಹೊಲಕ್ಕೆ ಮಾತ್ರ ಕಂಪನಿ ಬೀಜ ಬಿದ್ದದ್ದಿಲ್ಲ. ಅಜ್ಜನ ಕಾಲದ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಬ್ಯಾಡಗಿ ಬೀಜ, ವರ್ಷವರ್ಷವೂ ಅವ್ವ ಆರಿಸಿ ಇಟ್ಟದ್ದು.

ಕೆಲವು ವರ್ಷಗಳ ಹಿಂದೆ ಕಂಪನಿ ನೋಡಲು ಟ್ರಿನಿಡಾಡ್ ದ್ವೀಪದ ಹಿರಿಯರೊಬ್ಬರು ಬಂದರು. ಕಂಪನಿಯ ಸಾಹೇಬರು ಅವರನ್ನು ನಮ್ಮ ಮನೆಗೆ ಊಟಕ್ಕೆ ಕರೆತಂದು, ಅವರ ಮಾತನ್ನು ಕನ್ನಡದಲ್ಲಿ ಹೇಳಿದರು. ಅವರ ಮುತ್ತಜ್ಜನನ್ನು ಕಬ್ಬು ಕಡಿಯಲು ಇಲ್ಲಿಂದ ಹಡಗಿನಲ್ಲಿ ಒಯ್ದಿದ್ದರಂತೆ. ಅದಕ್ಕೂ ಮೊದಲು ಆ ಕೆಲಸಕ್ಕೆ ಆಫ್ರಿಕಾದವರನ್ನು ಗುಲಾಮರಾಗಿ ತಂದಿದ್ದರು. ದ್ವೀಪವನ್ನು ಮೊದಲು ಸ್ಪೇನಿನವರು ಆಳಿದರು, ಆಮೇಲೆ ಇಂಗ್ಲಿಷರು. ಫೋನಿನಲ್ಲಿ ಚಿತ್ರ ತೋರಿಸಿದರು: ಸಂಜೆ ಜವುಗಿನ ಗಿಡಗಳ ಮೇಲೆ ಇಳಿಯುವ ಕೆಂಪು ಹಕ್ಕಿಗಳು, ಡಾಂಬರಿನದೇ ಒಂದು ಕೆರೆ. ಜನ ಅದರ ಮೇಲೆ ನಡೆದಾಡುತ್ತಾರೆ. ಬಿಟ್ಟುಹೋದದ್ದನ್ನು ಅದು ನಿಧಾನಕ್ಕೆ ನುಂಗುತ್ತದೆ. ಮೆಣಸಿನಕಾಯಿಯೂ ಆ ಕಡೆಯ ನೆಲದ್ದೇ ಎಂದಾಗ ಅವ್ವ ನಂಬಲಿಲ್ಲ.

"ಹಂಗಾದ್ರ ಅಲ್ಲೆ ಮೊದಲ ಇದ್ದ ಮಂದಿ ಎಲ್ಲಿ ಹೋದ್ರು?" ಎಂದು ಕೇಳಿದಳು.

ಹಿರಿಯರು ಊಟ ನಿಲ್ಲಿಸಿ ಏನೋ ಹೇಳಿದರು. "ಭಾಳ ಕಡಿಮಿ ಉಳದಾರಂತವ್ವಾ," ಎಂದರು ಸಾಹೇಬರು.

ಹಾವೇರಿಯಲ್ಲಿ ರೈಲು ಹಿಡಿಯಲು ಹೊರಟಾಗ ಹಿರಿಯರು ತಮ್ಮ ಹಿತ್ತಲಿನ ಮೆಣಸಿನ ಬೀಜ ಕೊಟ್ಟರು. ಅವ್ವ ಉಡಿಯೊಡ್ಡಿ ಇಸಿದುಕೊಂಡಳು. ಉಡಿಯಲ್ಲಿ ಬಿದ್ದದ್ದನ್ನು ನಮ್ಮಲ್ಲಿ ಚೆಲ್ಲುವುದಿಲ್ಲ. ಮಳೆಗಾಲಕ್ಕೆ ಅದನ್ನು ನಮ್ಮ ಹೊಲದ ಬದುವಿಗೇ ಊರಿದಳು. ಜೇನು ಪರಾಗ ಹೊತ್ತು ತರುತ್ತದೆ, ನಮ್ಮ ತಳಿ ಕೆಡುತ್ತದೆ ಎಂದು ಹೇಳಿ ನೋಡಿದೆ.

"ಉಡ್ಯಾಗ ಬಿದ್ದದ್ದನ್ನ ಕಿತ್ತು ಒಗಿ ಅಂತೀಯೇನೋ? ನಿನ್ನ ಶ್ಯಾಣೇತನ ಕಂಪನ್ಯಾಗ ಇಟ್ಕೋ."

ಜೇನು ಹೊಗದಂತೆ ನಾನೇ ಆ ಗಿಡಗಳ ಮೇಲೆ ಹಳೆಯ ಸೀರೆ ಕಟ್ಟಿದೆ. ಹೂ ಬಿಡುವ ಹೊತ್ತಿಗೆ ಗಾಳಿ ಎದ್ದಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಸೀರೆಯ ಒಳಗಿನಿಂದ ಜೇನು ಗುಂಯ್‌ಗುಡುತ್ತಿತ್ತು.

ಆ ವರ್ಷದ ಕಾಯಿ ಎಂದಿನಂತೆಯೇ ಇತ್ತು. ಅವ್ವ ನಕ್ಕು, ಅದರಲ್ಲೇ ಬೀಜ ಆರಿಸಿದಳು. ಮರುವರ್ಷ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಕಾಯಿ ಗಿಡ್ಡಾಗಿ, ತುದಿ ಚೇಳಿನ ಕೊಂಡಿಯಂತೆ ಬಾಗಿತು. ಅವನ್ನು ಬೇರೆ ಮಾಡಿ, ನೆಟ್ಟಗಿದ್ದದ್ದನ್ನಷ್ಟೇ ಬ್ಯಾಡಗಿ ಮಾರುಕಟ್ಟೆಗೆ ಒಯ್ದೆ. ನಮ್ಮನ್ನು ಬಲ್ಲ ದಲಾಲರು ಒಂದನ್ನು ಮುರಿದು ನಾಲಿಗೆಗೆ ಮುಟ್ಟಿಸಿ, ನೀರು ಕುಡಿದು, ಮೆಲ್ಲಗೆ ಹೇಳಿದರು: "ಯಜಮಾನ್ರ, ಇದು ನಿಮ್ಮ ಮನೀ ಕಾಯಿ ಅಲ್ಲರಿ."

ಹೊಲದ್ದು, ಬದುವಿನದು ಎನ್ನದೆ ಗಿಡವನ್ನೆಲ್ಲ ಕಿತ್ತು ಸುಟ್ಟೆವು. ಘಾಟಿಗೆ ಓಣಿಯೆಲ್ಲ ಕೆಮ್ಮಿತು. ಅವ್ವ ಈಗ ಬೀಜ ಆರಿಸುವುದಿಲ್ಲ.

ಈಗ ನನಗಿರುವುದು ನಾಲ್ಕು ಎಕರೆ, ಎರಡು ಎತ್ತು, ಒಂದು ಬೋರು, ಅಟ್ಟದಲ್ಲಿ ಸಿಕ್ಕ, ಆ ಹಿರಿಯರು ಬರುವ ಮೊದಲಿನ ಬೀಜದ ಒಂದು ಕುಡಿಕೆ. ಅದರಲ್ಲಿ ಮೊಳೆತ ಸಸಿ ಹನ್ನೊಂದು.