ಮೊಳದಗಲದ ಹುಲ್ಲು

ಟಿಮೊನನ ಎಡಗೈ ಮೇಲಕ್ಕೆ ಏಳುತ್ತದೋ ಇಲ್ಲವೋ ಎಂಬ ಒಂದೇ ಚಿಂತೆ ಯೋವಿತಾಳ ತಲೆಯೊಳಗೆ ಕೂತುಬಿಟ್ಟಿತ್ತು. ಹಾಲು ಬಿಸಿ ಮಾಡುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಭುಜ ಸಿಕ್ಕಿಕೊಂಡು ನರ ಎಳೆದುಹೋಗಿತ್ತು. ಬಲಗೈ ಗಿಲಕಿಗೆ ಚಾಚುತ್ತಿತ್ತು, ಕೂದಲು ಹಿಡಿದು ಜಗ್ಗುತ್ತಿತ್ತು. ಎಡಗೈ ಮಾತ್ರ ಯಾರೋ ಬಸ್ಸಿನಲ್ಲಿ ಮರೆತುಹೋದ ಕೈಚೀಲದ ಹಾಗೆ ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಈಗಲೇ ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆ, ತಡವಾದರೆ ಹೇಳಲಾಗದು ಎಂದಿದ್ದರು ವೈದ್ಯರು. ಅವುಚಿಕೊಂಡು ಹೋಗುವಂತಿಲ್ಲ, ಬಟ್ಟೆಯಲ್ಲಿ ಕಟ್ಟಿಕೊಂಡರೆ ಭುಜ ಒತ್ತುತ್ತದೆ. ಗಾಡಿಯಲ್ಲೇ ಮಲಗಿಸಿ ತಳ್ಳಿಕೊಂಡು ಹೋಗಬೇಕು. ವಾರಕ್ಕೆರಡು ಸಲ. ಚಿಕಿತ್ಸಾಲಯ ಏನೂ ದೂರವಲ್ಲ, ಬೇಸಿಗೆಯಲ್ಲಿ ಹಾಡು ಗುನುಗುತ್ತ ತಲುಪಿಬಿಡಬಹುದು.

ಆದರೆ ಈಗ ಜನವರಿ. ಪೋಲೆಂಡಿನ ಈ ಈಶಾನ್ಯ ಮೂಲೆಯಲ್ಲಿ ಜನವರಿಯೆಂದರೆ ಹಿಮ, ಹಿಮವೆಂದರೆ ನಗರಸಭೆ, ನಗರಸಭೆಯೆಂದರೆ ಕಾರು. ನಸುಕಿಗೆ ಹಳದಿ ದೀಪ ತಿರುಗಿಸುತ್ತ ಹಿಮ ತಳ್ಳುವ ಲಾರಿ ಬರುತ್ತದೆ. ಮೊದಲು ಹೆದ್ದಾರಿಗೆ ಕೂಡುವ ರಸ್ತೆಗಳು, ಆಮೇಲೆ ಬಸ್ಸು ಓಡುವ ರಸ್ತೆಗಳು, ಆಮೇಲೆ ದೊಡ್ಡವರ ಮನೆ ಮುಂದಿನ ರಸ್ತೆಗಳು. ಕಾಲಿನಲ್ಲಿ ನಡೆಯುವವರ ಸರದಿ ಬರುವಷ್ಟರಲ್ಲಿ ಹೊಸ ಹಿಮ ಬಿದ್ದು ಎಲ್ಲ ಮತ್ತೆ ಮೊದಲಿನಿಂದ. ರಸ್ತೆಯ ಹಿಮ ತಳ್ಳಿದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವಷ್ಟು ಓದಿದವರು ಆ ಕಚೇರಿಯಲ್ಲಿ ಯಾರೂ ಇದ್ದಂತಿರಲಿಲ್ಲ. ಅದು ನೇರವಾಗಿ ಫುಟ್‌ಪಾತಿನ ಮೇಲೆ ಹೋಗಿ ಬೀಳುತ್ತಿತ್ತು, ಸೊಂಟದೆತ್ತರದ ದಿಬ್ಬವಾಗಿ, ಉಪ್ಪು ಮತ್ತು ಮಣ್ಣು ಬೆರೆತು, ಒಂದು ರಾತ್ರಿಗೆ ಕಲ್ಲಾಗಿ.

ಯೋವಿತಾ ಓಲ್ಷೋವಾ ಬೀದಿಯ ಉದ್ದನೆಯ ಕಟ್ಟಡದಲ್ಲಿ ಎರಡನೇ ಮಹಡಿಯವಳು. ಇದೇ ಊರಿನ ಶಾಲೆಯಲ್ಲಿ ಓದಿದವಳು, ಇದೇ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದವಳು. ಹುಟ್ಟಿದಾಗಿನಿಂದ ನಡೆದುಕೊಂಡೇ ಓಡಾಡಿದವಳು. ನಡಿಗೆ ಒಂದು ಅಪರಾಧವೆಂದು ಅವಳಿಗೆ ಗೊತ್ತಾಗಿದ್ದು ಮಗುವಿನ ಗಾಡಿ ಕೊಂಡ ಮೇಲೆ.

ಅದನ್ನು ಅವಳಿಗೆ ಕಲಿಸಿದವರು ಕೆಳಮಹಡಿಯ ಪಾನ್ ಝೆನೊನ್, ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಈ ನಾಡಿನಲ್ಲಿ ಗೌರವಕ್ಕೆ ಗಂಡಸರ ಹೆಸರಿನ ಹಿಂದೆ ಪಾನ್, ಹೆಂಗಸರಿಗೆ ಪಾನಿ. ವಯಸ್ಸಿನಲ್ಲಿದ್ದಾಗ ಪುಟ್ಟದೊಂದು ಫಿಯಟ್ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು. ಕಾರು ಬಂದ ದಿನ ಪಾದ್ರಿಯನ್ನು ಕರೆಸಿ ಅದರ ಮೇಲೆ ತೀರ್ಥ ಚಿಮುಕಿಸಿದ್ದರಂತೆ. ಮಗಳ ನಾಮಕರಣ ಅದಕ್ಕಿಂತ ಸಣ್ಣದಾಗಿ ನಡೆಯಿತೆಂದು ಕಟ್ಟಡದ ಹಳಬರು ನಗುತ್ತಿದ್ದರು. ಆಮೇಲೆ ನಿವೃತ್ತಿಯವರೆಗೂ ಕಾರು ಓಡಿಸುವುದನ್ನು ಕಲಿಸುವುದೇ ಅವರ ವೃತ್ತಿ. ಅರ್ಧ ಊರು ಅವರ ಶಿಷ್ಯರು. ಯೋವಿತಾಳೂ ಕಲಿಯಲು ಹೋಗಿ ಪರೀಕ್ಷೆಯಲ್ಲಿ ಬಿದ್ದಿದ್ದಳು. ಅದನ್ನು ಅವರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ನೆನಪಿಸುತ್ತಿದ್ದರು. ಈಗ ಅವರ ನಡಿಗೆಯೆಂದರೆ ಮನೆಬಾಗಿಲಿನಿಂದ ಕಾರಿನ ಬಾಗಿಲವರೆಗೆ. ಭಾನುವಾರ ಬೀದಿ ತಿರುವಿನ ಚರ್ಚಿಗೂ ಕಾರಿನಲ್ಲೇ ಹೋಗಿ, ನಿಲ್ಲಿಸಲು ಜಾಗ ಸಿಗದೆ ಚರ್ಚನ್ನು ಸುತ್ತಿ ಸುತ್ತಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಳಗೆ ಕಾಲಿಡುತ್ತಿದ್ದ ಭಕ್ತರು.

ಹಿಂದಿನ ವಸಂತದಲ್ಲಿ ಈ ಮಹಾನುಭಾವರಿಗೆ ಒಂದು ಯೋಚನೆ ಹೊಳೆಯಿತು. ಕಟ್ಟಡಕ್ಕೆ ತಾಗಿಕೊಂಡ ಫುಟ್‌ಪಾತಿನ ಹಿಮವನ್ನು ಕಟ್ಟಡದವರೇ ತೆಗೆಸಬೇಕು, ಕಾನೂನು. ಆದರೆ ಗೋಡೆಗೂ ಫುಟ್‌ಪಾತಿಗೂ ನಡುವೆ ಹುಲ್ಲಿನ ಪಟ್ಟಿ ಇದ್ದರೆ ಆ ಫುಟ್‌ಪಾತು ಕಟ್ಟಡಕ್ಕೆ ತಾಗಿದ್ದಲ್ಲ, ಅದು ನಗರಸಭೆಯ ಹೊಣೆ. ಅದೂ ಕಾನೂನು. ಹಾಗಿದ್ದಮೇಲೆ ಗೋಡೆಯ ಬುಡದಲ್ಲಿ ಒಂದು ಸಾಲು ಕಲ್ಲು ಕಿತ್ತು, ಮೊಳದಗಲ ಹುಲ್ಲು ಹಾಸಿಬಿಟ್ಟರೆ?

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಯೋವಿತಾ ಆಗ ಐದು ತಿಂಗಳ ಬಸುರಿ, ಆಗಲೂ ನಿಲ್ಲದ ವಾಂತಿ ತಡೆಯಲಾರದೆ ಮನೆಯಲ್ಲೇ ಉಳಿದಿದ್ದಳು. ಗಂಡ ಓಲ್ಗೆರ್ಡ್ ಹೋಗಿ ಇಬ್ಬರ ಪರವಾಗಿಯೂ ಕೈಯೆತ್ತಿ ಬಂದಿದ್ದ. "ಹಸಿರು ಕಣೇ, ಮಗುಗೆ ಒಳ್ಳೇದಲ್ವಾ" ಎಂದಿದ್ದ. ಆ ಹಸಿರಿನ ಮೇಲೆ ಮಗು ಹೋಗಲಿ, ಬೆಕ್ಕೂ ಅಡ್ಡ ಮಲಗಲಾರದು. ವರ್ಷಾನುಗಟ್ಟಲೆ ಹಿಮ ತೆಗೆಯುತ್ತಿದ್ದ ಅನಿಯೆಲಾಗೆ ಇನ್ನು ಬರಬೇಡ ಎಂದು ಹೇಳಿದ್ದಾಯಿತು. ನಗರಸಭೆ ಬಂದು ನೋಡಿ, ಹುಲ್ಲಿದೆ ಎಂದು ತಲೆಯಾಡಿಸಿ, ಫುಟ್‌ಪಾತನ್ನು ತನ್ನ ಪಟ್ಟಿಯ ಕಟ್ಟಕಡೆಯ ಸಾಲಿಗೆ ಸೇರಿಸಿಕೊಂಡು ಹೋಯಿತು. ಅಲ್ಲಿಗೆ ಫುಟ್‌ಪಾತು ಯಾರದ್ದೂ ಅಲ್ಲವಾಯಿತು.

ಮಂಗಳವಾರ ಬೆಳಗ್ಗೆ ಯೋವಿತಾ ಗಾಡಿಯನ್ನು ಮೆಟ್ಟಿಲಿಳಿಸಿ, ಬಾಗಿಲ ಮುಂದಿನ ದಿಬ್ಬದ ಮೇಲೆ ಎತ್ತಿ ಹಾಕಿ, ಆಚೆ ಬದಿಗೆ ಜಾರಿಸಿದಳು. ಅಷ್ಟಕ್ಕೇ ಬೆನ್ನು ಬೆವೆತಿತ್ತು. ಆಚೆ ಬದಿಯಲ್ಲಿ ಸೈಕಲ್ ದಾರಿ. ನಗರಾಧ್ಯಕ್ಷರು ಹೆಲ್ಮೆಟ್ ಹಾಕಿಕೊಂಡು ಫೋಟೋ ತೆಗೆಸಿಕೊಂಡ ದಾರಿ ಅದು. ಕಟ್ಟಡದ ಅರ್ಧಕ್ಕೆ ಎಲ್ಲಿಂದಲೋ ಶುರುವಾಗಿ ತಿರುವಿನಲ್ಲಿ ಎಲ್ಲಿಗೂ ಹೋಗದೆ ಮುಗಿಯುತ್ತಿತ್ತು. ಆದರೂ ಅದಕ್ಕೆಂದೇ ಒಂದು ಪುಟ್ಟ ಯಂತ್ರ, ಮುಂದೆ ದುಂಡನೆಯ ಕಸಬರಿಕೆ. ಡಾಂಬರು ಕಾಣುವ ಹಾಗೆ ಗುಡಿಸಿ, ಗುಡಿಸಿದ್ದನ್ನೆಲ್ಲ ಅದೂ ಫುಟ್‌ಪಾತಿಗೇ ಎರಚಿ ಹೋಗಿತ್ತು. ಯೋವಿತಾ ಬೇರೆ ಗತಿಯಿಲ್ಲದೆ ಅದರ ಮೇಲೆ ಗಾಡಿ ಓಡಿಸಿದಳು.

ಹಿಂದಿನಿಂದ ಟಿಣ್ ಟಿಣ್. ಇಡೀ ಚಳಿಗಾಲಕ್ಕೆ ಆ ಬೀದಿಯಲ್ಲಿದ್ದ ಒಬ್ಬನೇ ಸೈಕಲ್ ಸವಾರ, ಅವನೂ ಅದೇ ಗಳಿಗೆಗೆ ಬರಬೇಕೆ!

"ಮೇಡಂ, ಬೋರ್ಡ್ ಕಾಣಿಸಲ್ವಾ? ಸೈಕಲ್ ಚಿತ್ರ ಇದೆ."

"ಕಾಣಿಸುತ್ತೆ ಸ್ವಾಮಿ. ಮಗು ಗಾಡಿ ಎಲ್ಲಿ ಹೋಗ್ಬೇಕು, ಅದರ ಚಿತ್ರ ಎಲ್ಲಿದೆ ತೋರಿಸಿ."

"ನಡೆಯೋರಿಗೆ ಅಲ್ಲಿ ಜಾಗ ಇದೆಯಲ್ಲ!" ಅವನು ಗ್ಲೌಸು ಹಾಕಿದ ಕೈಯಿಂದ ದಿಬ್ಬವನ್ನು ತೋರಿಸಿದ.

"ಹಾಗಾದ್ರೆ ಒಂದ್ಸಲ ನೀವು ಅದರ ಮೇಲೆ ಹತ್ತಿಸಿ ತೋರಿಸಿ. ನೋಡ್ಕೊಂಡು ಕಲಿತೀನಿ."

"ನಾನು ಟ್ಯಾಕ್ಸ್ ಕಟ್ತೀನ್ರೀ."

"ನಾನೇನು ಹಿಮದಲ್ಲಿ ಬೆಳೆದ ಗಿಡವಾ?"

ಅವನು ಗೊಣಗುತ್ತ ಪಕ್ಕದಿಂದ ನುಸುಳಿಕೊಂಡು ಹೋದ. ತಿರುವಿನಲ್ಲಿ ದಾರಿ ಮುಗಿದು ಅವನೂ ಇಳಿದು ಸೈಕಲ್ ಹೊತ್ತುಕೊಂಡದ್ದನ್ನು ನೋಡಿ ಯೋವಿತಾಳಿಗೆ ನಗು ಬಂತು. ಅವಳ ಸರದಿ ಬಂದಾಗ ನಗು ಹಾರಿಹೋಯಿತು. ಅಲ್ಲಿಂದ ಬಸ್ ನಿಲ್ದಾಣದವರೆಗೆ ಇದ್ದದ್ದು ರಸ್ತೆಯೊಂದೇ. ಗಾಡಿಯನ್ನು ಅಂಚಿಗೆ ಒತ್ತಿಕೊಂಡು, ಎದುರಿನ ಲಾರಿಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತ ನಡೆದಳು. ಒಂದು ವ್ಯಾನಿನ ಕನ್ನಡಿ ಗಾಡಿಯ ಮುಚ್ಚಳಕ್ಕೆ ಸವರಿಕೊಂಡು ಹೋಯಿತು. ಅವಳು ಗಾಡಿಯ ಮೇಲೆ ಅಡ್ಡಲಾಗಿ ಬಾಗಿದಳು. ಟಿಮೊನ್ ಮಾತ್ರ ನಿದ್ದೆಯಲ್ಲಿ ತುಟಿ ಚಪ್ಪರಿಸಿದ.

ಅಷ್ಟರಲ್ಲಿ ಬೆನ್ನ ಹಿಂದೆ ಹಾರ್ನು. ತಿರುಗಿ ನೋಡಿದರೆ ಪಾನ್ ಝೆನೊನ್. ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಬ್ರೆಡ್ ತರಲು ಹೊರಟಿದ್ದರು. ಗಾಜು ಇಳಿಯಿತು, ಜೊತೆಗೆ ಬೆಚ್ಚನೆಯ ಗಾಳಿಯೂ ಒಂದಿಷ್ಟು ಹೊರಬಂತು.

"ಪಾನಿ ಯೋವಿತಾ! ಮಗು ಕಟ್ಕೊಂಡು ರಸ್ತೆ ಮಧ್ಯದಲ್ಲಾ? ಓದಿದವರು ನೀವು, ಸ್ವಲ್ಪ ಜವಾಬ್ದಾರಿ ಬೇಡ್ವಾ?"

"ಫುಟ್‌ಪಾತ್ ಎಲ್ಲಿದೆ ಪಾನ್ ಝೆನೊನ್? ತೋರಿಸಿ, ಈಗಲೇ ಹೋಗ್ತೀನಿ."

"ಅದು ನಗರಸಭೆಯೋರ್ದು. ಕರಗೋ ವಸ್ತು ಹಿಂದೆ ಯಾಕ್ ಬೀಳ್ತೀರಿ? ಏಪ್ರಿಲ್‌ವರೆಗೂ ಮನೇಲಿರಿ, ಬೆಚ್ಚಗೆ. ನಾನು ಕಲಿಸ್ದಾಗ್ಲೇ ಮನಸ್ಸಿಟ್ಟು ಕಲಿತಿದ್ರೆ ಇವತ್ತು ಈ ಪಾಡಿರ್ತಿರ್ಲಿಲ್ಲ."

"ನಿಲ್ದಾಣದವರೆಗೆ ಬಿಡ್ತೀರಾ? ಬಸ್ ತಪ್ಪುತ್ತೆ."

ಅವರು ಗಾಡಿಯ ಚಕ್ರಗಳನ್ನು ನೋಡಿದರು. ಹಿಂದಿನ ಸೀಟನ್ನು ನೋಡಿದರು. "ಬಿಡ್ತಿದ್ದೆ ಕಣಮ್ಮಾ… ಚಕ್ರ ಪೂರ್ತಿ ಒದ್ದೆ. ಸೀಟಿಗೆ ಹೊಸ ಬಟ್ಟೆ ಹೊದಿಸಿದ್ದೀನಿ." ಗಾಜು ಮೇಲೇರಿತು.

ಬಸ್ಸು ತಪ್ಪಿತು. ಉಳಿದದ್ದನ್ನು ಅವಳು ರಸ್ತೆಯಂಚಿನಲ್ಲೇ ತಳ್ಳಿದಳು. ಚಿಕಿತ್ಸಾಲಯ ತಲುಪುವಷ್ಟರಲ್ಲಿ ಟಿಮೊನನ ಹೊತ್ತಿನಲ್ಲಿ ಬೇರೊಂದು ಮಗು ಚಾಪೆಯ ಮೇಲೆ ಮಲಗಿತ್ತು. ವ್ಯಾಯಾಮ ಮಾಡಿಸುವ ಕೊರ್ನೆಲಿಯಾ ಒಳ್ಳೆಯವಳು. ನಡುವೆ ಹೊರಗೆ ಬಂದು ಟಿಮೊನನ ಎಡಗೈಯನ್ನು ಮೆಲ್ಲಗೆ ಎತ್ತಿ, ಬಿಟ್ಟಳು. ಕೈ ದೊಪ್ಪನೆ ಬಿತ್ತು.

"ಹಿಂದಿನ ವಾರವೂ ಬರ್ಲಿಲ್ಲ ನೀವು. ಬೆರಳು ಸ್ವಲ್ಪ ಮಡಚೋಕೆ ಶುರು ಮಾಡಿದ್ದ, ಈಗ ಮತ್ತೆ ಸಡಿಲ. ಪಾನಿ ಯೋವಿತಾ, ಇನ್ನೊಂದ್ಸಲ ತಪ್ಪಿದ್ರೆ ನಿಮ್ಮ ಜಾಗ ಬೇರೆ ಮಗುಗೆ ಹೋಗುತ್ತೆ. ನಾನು ಹೇಳ್ತಿಲ್ಲ, ಇಲ್ಲಿ ನಿಯಮ ಹಾಗೆ. ಕಾಯೋರು ತುಂಬಾ ಇದ್ದಾರೆ."

ಸಂಜೆ ಓಲ್ಗೆರ್ಡ್ ಬೀಟ್‌ರೂಟ್ ಸಾರಿಗೆ ಬ್ರೆಡ್ ಅದ್ದಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಅವನು ಪೀಠೋಪಕರಣ ಕಾರ್ಖಾನೆಗೆ ನಸುಕಿಗೇ ಕಾರು ತೆಗೆದುಕೊಂಡು ಹೋಗುವವನು. ಒಂದು ದಿನ ರಜೆ ಕೇಳಿದರೆ ಮೇಸ್ತ್ರಿಯ ಮುಖ ಹುಳಿಯಾಗುತ್ತದಂತೆ.

"ನಗರಸಭೆ ಸಹಾಯವಾಣಿಗೆ ಫೋನ್ ಮಾಡ್ತೀನಿ," ಎಂದಳು ಯೋವಿತಾ. "ಹುಲ್ಲು ಮೋಸದ್ದು ಅಂತ ಹೇಳ್ತೀನಿ."

ಚಮಚ ನಿಂತಿತು. "ತಲೆ ನೆಟ್ಟಗಿದೆಯಾ? ದಂಡ ಹಾಕಿದ್ರೆ ಇಡೀ ಕಟ್ಟಡಕ್ಕೆ ಬೀಳುತ್ತೆ. ಮಗು ಹುಟ್ಟಿದಾಗ ಬಾಗಿಲ ಹತ್ರ ನಮ್ ಕಾರಿಗೆ ಜಾಗ ಕೊಡಿಸಿದ್ಯಾರು? ಝೆನೊನ್. ಆಮೇಲೆ ಮೆಟ್ಟಿಲ ಮೇಲೆ ನಿನ್ನ ಏನಂತ ಕರೀತಾರೆ ಗೊತ್ತಲ್ಲ?"

ಗೊತ್ತಿತ್ತು. ಚಾಡಿಕೋರಿ. ಈ ಊರಿನಲ್ಲಿ ಕಳ್ಳನಿಗೂ ಕುಡುಕನಿಗೂ ಕ್ಷಮೆಯಿದೆ, ಅಧಿಕಾರಿಗಳ ಕಿವಿಗೆ ಸುದ್ದಿ ಊದಿದವರಿಗಿಲ್ಲ. ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಅವಳ ತಾತನ ಕೆಲಸ ಹೋದದ್ದೇ ಪಕ್ಕದ ಮನೆಯವನೊಬ್ಬ ಹೆಸರು ಹೇಳದೆ ಮಾಡಿದ ಒಂದು ಫೋನಿನಿಂದ. ಅಜ್ಜಿ ಸಾಯುವವರೆಗೂ ಫೋನ್ ಮುಟ್ಟುವಾಗ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಯೋವಿತಾ ಸಾರಿನ ಬಟ್ಟಲು ಎತ್ತಿಕೊಂಡು ಎದ್ದಳು. ಫೋನ್ ಮಾಡಲಿಲ್ಲ.

ಶುಕ್ರವಾರ ಎದ್ದು ನೋಡಿದರೆ ಮತ್ತೆ ಮೊಣಕಾಲುದ್ದ ಬಿದ್ದಿತ್ತು. ಆ ದಿನವೂ ಚಿಕಿತ್ಸಾಲಯಕ್ಕೆ ಹೋಗಬೇಕಿತ್ತು. ಗಾಡಿ ಇಳಿಸಿಕೊಂಡು ಹೊರಗೆ ಬಂದರೆ ಕಟ್ಟಡದ ಗಂಡಸರೆಲ್ಲ ಅಂಗಳದಲ್ಲಿ! ಫುಟ್‌ಪಾತಿನ ಮಾತೆತ್ತಿದಾಗ ಯಾರ ಮನೆಯಲ್ಲೂ ಇಲ್ಲದ ಸಲಿಕೆಗಳು ಇವತ್ತು ಎಲ್ಲರ ಕೈಯಲ್ಲೂ. ಒಬ್ಬರಿಗೊಬ್ಬರು ತಮಾಷೆ ಮಾಡುತ್ತ, ಬೆನ್ನು ತಟ್ಟುತ್ತ, ಹಬ್ಬದ ಕಳೆಯಲ್ಲಿ ತಮ್ಮ ತಮ್ಮ ಕಾರುಗಳನ್ನು ಹಿಮದಿಂದ ಬಿಡಿಸುತ್ತಿದ್ದರು. ಬಿಡಿಸಿದ ಹಿಮವನ್ನು ಎಲ್ಲಿಗೆ ಎಸೆಯುತ್ತಿದ್ದರೆಂದು ಹೇಳಬೇಕಾಗಿಲ್ಲ. ದಿಬ್ಬ ಈಗ ಅವಳ ಎದೆಮಟ್ಟಕ್ಕಿತ್ತು. ಅವಳು ಗಾಡಿಯನ್ನು ಎತ್ತಲು ನೋಡಿದಳು. ಅರ್ಧಕ್ಕೆ ಕಾಲು ಹೂತು, ಗಾಡಿ ವಾಲಿ, ಟಿಮೊನ್ ಬಲಗೈಯಲ್ಲಿ ಅಂಚನ್ನು ಹಿಡಿದುಕೊಂಡ. ಎಡಗೈ ಹಿಡಿದುಕೊಳ್ಳಲಿಲ್ಲ.

"ಅಲ್ಲಿ ಯಾಕಮ್ಮ ಒದ್ದಾಡ್ತೀರಿ!" ಪಾನ್ ಝೆನೊನ್ ಸಲಿಕೆಗೆ ಗಲ್ಲ ಊರಿ ಕೂಗಿದರು. "ಹಿಮದಲ್ಲಿ ಗಾಡಿ ತಳ್ಳೋದಕ್ಕೂ ಲೈಸೆನ್ಸ್ ಬೇಕು ಅಂತ ಮಾಡ್ಬೇಕು!"

ಗಂಡಸರು ನಕ್ಕರು. ಒಬ್ಬರೂ ಸಲಿಕೆ ಬಿಟ್ಟು ಬರಲಿಲ್ಲ.

ಯೋವಿತಾ ಗಾಡಿಯನ್ನು ಬಾಗಿಲ ಬಳಿಗೆ ವಾಪಸ್ಸು ಎಳೆದು, ಬ್ರೇಕು ಒತ್ತಿದಳು. ಕೋಟಿನ ಜೇಬಿನಿಂದ ಫೋನ್ ತೆಗೆದಳು. ಗ್ಲೌಸು ಕಳಚಿ, ಅಜ್ಜಿಯ ಹಾಗೆಯೇ ಅಂಗೈಯನ್ನು ಕೋಟಿಗೆ ಒರೆಸಿಕೊಂಡು, ಎಲ್ಲರೆದುರಿಗೇ ಸಹಾಯವಾಣಿಗೆ ಕರೆ ಮಾಡಿದಳು. ಅತ್ತ ಕಡೆಯ ಗಂಡು ದನಿ ಬೇಸರದಲ್ಲಿತ್ತು.

"ಓಲ್ಷೋವಾ ಬೀದಿ ಉದ್ದ ಕಟ್ಟಡಾನಾ? ಅಲ್ಲಿ ಹುಲ್ಲಿನ ಪಟ್ಟಿ ಇದೆ ಮೇಡಂ. ನಮ್ಮ ಸಾಲಿನಲ್ಲಿದೆ, ಸರದಿ ಬಂದಾಗ ಬರ್ತೀವಿ."

"ಹುಲ್ಲು ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಕಟ್ಟಡದವರೇ ತೆಗೀಬೇಕು. ಇವತ್ತೇ ಆಳು ಕಳಿಸಿ ನೋಡಿ, ತೆಗೆಸ್ತೀವಿ. ಆದ್ರೆ ಇದೆಯಲ್ಲ."

"ಒಂದ್ನಿಮಿಷ, ಹಾಗೇ ಇರಿ."

ಅವಳು ಗೋಡೆಯ ಬುಡಕ್ಕೆ ಹೋಗಿ ಬೂಟಿನಿಂದ ಹಿಮ ಒದ್ದಳು, ಮೊಣಕಾಲೂರಿ ಕೈಯಿಂದ ಕೆರೆದಳು. ಅವಳಿಗೆ ನೆನಪಿತ್ತು: ಶರತ್ಕಾಲದಲ್ಲಿ ಉಪ್ಪಿನಕಾಯಿಗೆಂದು ಎಲೆಕೋಸಿನ ಮೂಟೆ ತಂದ ಪಾನ್ ಝೆನೊನ್, ಹೊತ್ತು ನಡೆಯುವುದು ಯಾರೆಂದು, ಕಾರನ್ನು ನೆಲಮಾಳಿಗೆಯ ಕಿಟಕಿಯವರೆಗೂ ಹತ್ತಿಸಿದ್ದರು. ಆಲೂಗಡ್ಡೆಗೂ ಹಾಗೇ. ಆಮೇಲೆ ಮಳೆ ಬಂದ ದಿನಗಳಲ್ಲೆಲ್ಲ ಕಾರು ಅಲ್ಲೇ ಬೀಡುಬಿಟ್ಟಿತ್ತು. ಹಿಮದಡಿಯಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಕಲ್ಲಿನಂತೆ ಹೆಪ್ಪುಗಟ್ಟಿದ ಕೆಸರು, ಅದರಲ್ಲಿ ಅಚ್ಚೊತ್ತಿದ ಹಾಗೆ ಟೈರಿನ ಗುರುತು.

ಹಿಂದೆ ಸಲಿಕೆಗಳ ಸದ್ದು ಒಂದೊಂದಾಗಿ ನಿಂತಿತ್ತು.

"ಪಾನಿ ಯೋವಿತಾ," ಪಾನ್ ಝೆನೊನರ ದನಿಯಲ್ಲಿ ಈಗ ಬೆಣ್ಣೆಯಿತ್ತು, "ನಮ್ಮ ನಮ್ಮಲ್ಲೇ ಮಾತಾಡ್ಕೊಳ್ಳೋಣ. ನೆರೆಹೊರೆಯೋರಲ್ವಾ ನಾವು? ಬನ್ನಿ, ಇವತ್ತು ನಾನೇ ಕಾರಲ್ಲಿ ಬಿಡ್ತೀನಿ."

"ಸೀಟು ಒದ್ದೆ ಆಗುತ್ತೆ, ಬಿಡಿ," ಎಂದು ಅವಳು ಫೋನಿಗೆ ಬಾಯಿಟ್ಟಳು. "ಹುಲ್ಲು ಇಲ್ಲ ಸಾರ್. ಕಾರಿನ ಚಕ್ರದ ಗುರುತಿದೆ. ಯಾರ ಕಾರಿಂದು ಅಂತ ನಿಮ್ಮ ಆಳು ಬಂದ್ರೆ ಅಳತೆ ಹಿಡಿದು ಹೇಳಬಹುದು, ಕಾರೂ ಇಲ್ಲೇ ನಿಂತಿದೆ."

ಅತ್ತ ಕಡೆ ಕೀಲಿಮಣೆಯ ಟಕಟಕ ಕೇಳಿಸಿತು.

"ಸರಿ. ದೂರು ಕೊಟ್ಟವರ ಹೆಸರು ಬೇಡ ಅಂದ್ರೆ ಖಾಲಿ ಬಿಡ್ತೀನಿ ಮೇಡಂ. ಸುಮಾರು ಜನ ಹೇಳಲ್ಲ."

ಯೋವಿತಾ ಎದ್ದು ನಿಂತಳು. ಮೊಣಕಾಲಿನ ಹಿಮ ಕೊಡವಲಿಲ್ಲ.

"ಬರ್ಕೊಳ್ಳಿ," ಎಂದಳು. ಮೂರನೇ ಮಹಡಿಯ ಕಿಟಕಿಗೂ ಕೇಳುವ ಹಾಗೆ ತನ್ನ ಹೆಸರು, ಗಂಡನ ಮನೆತನದ ಹೆಸರು, ಮನೆಯ ನಂಬರು, ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳಿದಳು.